ಗಂಟಲಿಗೆ ಬಂದು ಹೋದ ವೈರಸ್

ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಮೇಯುವ ದನಗಳಿಗೆ ವಿಚಿತ್ರ ಕಾಯಿಲೆಯೊಂದು ಬರುತ್ತಿತ್ತು. ಚೆನ್ನಾಗಿದ್ದ ಹಸು ಮೇವು ಬಿಡುತ್ತಿತ್ತು, ಜೊಲ್ಲು ಸುರಿಸುತ್ತಿತ್ತು, ನೋಡನೋಡುತ್ತ ಪಕ್ಕೆಲುಬು ಎಣಿಸುವಂತಾಗುತ್ತಿತ್ತು. ಸತ್ತಮೇಲೆ ಕೊಯ್ದು ನೋಡಿದರೆ ಅನ್ನನಾಳದಲ್ಲೋ ಮೆಲುಕಿನ ಚೀಲದಲ್ಲೋ ಕ್ಯಾನ್ಸರ್. ಬಯಲುಸೀಮೆಯ ದನಗಳಿಗೆ ಈ ಬಾಧೆ ಇರಲಿಲ್ಲ. ಬೆಕ್ಕುಗಳ ರಕ್ತಕ್ಯಾನ್ಸರಿಗೆ ವೈರಸ್ ಕಾರಣವೆಂದು 1964ರಲ್ಲಿ ತೋರಿಸಿಕೊಟ್ಟಿದ್ದ ಗ್ಲಾಸ್ಗೋದ ಪಶುವೈದ್ಯ ವಿಲಿಯಂ ಜ್ಯಾರೆಟ್ ಈ ಕಾಯಿಲೆಯ ಬೆನ್ನುಹತ್ತಿದರು.

ಗಂಟಲಿನ ಒಳಗೋಡೆಯನ್ನು ಬಿಡಿಸಿ ನೋಡಿದಾಗ ಗಡ್ಡೆಯ ಸುತ್ತ ಪುಟ್ಟ ಪುಟ್ಟ ನರುಲಿಗಳು ಕಂಡವು. ನಮ್ಮ ಕೈಬೆರಳ ಮೇಲೆ ಏಳುತ್ತವಲ್ಲ, ಅದೇ ಜಾತಿಯವು. ಅವನ್ನು ಎಬ್ಬಿಸುವುದು ಪ್ಯಾಪಿಲೋಮಾ ಎಂಬ ವೈರಸ್. ಆದರೆ ಅಂಥ ನರುಲಿ ಬಯಲಿನ ದನಗಳಲ್ಲೂ ಅಲ್ಲೊಂದು ಇಲ್ಲೊಂದು ಇದ್ದವು, ತಾವಾಗಿ ಒಣಗಿ ಉದುರಿಯೂ ಹೋಗುತ್ತಿದ್ದವು. ವ್ಯತ್ಯಾಸ ಇದ್ದದ್ದು ಮೇವಿನಲ್ಲಿ. ಗುಡ್ಡದ ಮೇಲೆ ಬ್ರ್ಯಾಕನ್ ಎಂಬ ಜರೀಗಿಡ ದಟ್ಟವಾಗಿ ಹಬ್ಬಿತ್ತು, ಹುಲ್ಲು ಸಾಲದ ದಿನಗಳಲ್ಲಿ ದನ ಅದಕ್ಕೆ ಬಾಯಿ ಹಾಕುತ್ತಿತ್ತು. ಆ ಗಿಡದಲ್ಲಿ ಜೀವಕೋಶದ ಡಿಎನ್‌ಎಯನ್ನೇ ಕೆಡಿಸುವ ವಿಷವಿದೆ. ಜೊತೆಗೆ ಅದು ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಉದುರಬೇಕಿದ್ದ ನರುಲಿ ಉದುರದೆ ಉಳಿಯಿತು, ಉಳಿದದ್ದು ಕೆಟ್ಟಿತು. ವೈರಸ್ಸೂ ಸೊಪ್ಪೂ ಸೇರಿ ಮಾಡಿದ ಕೆಲಸವಿರಬಹುದು ಎಂದು 1978ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜ್ಯಾರೆಟ್ ತಂಡ ಬರೆಯಿತು.

ಮುಂದೆ ನಡೆದದ್ದೇ ಸ್ವಾರಸ್ಯ. ಅದೇ ಗ್ಲಾಸ್ಗೋದಲ್ಲಿ ನರುಲಿಯಿಂದಲೂ ಗಡ್ಡೆಯಿಂದಲೂ ಡಿಎನ್‌ಎ ತೆಗೆದು ಹುಡುಕಿದರು. ನರುಲಿಯಲ್ಲಿ ವೈರಸ್ ಧಾರಾಳವಾಗಿ ಸಿಕ್ಕಿತು. ಕ್ಯಾನ್ಸರ್ ಗಡ್ಡೆಯಲ್ಲಿ ಅದರ ಪತ್ತೆಯೇ ಇರಲಿಲ್ಲ. ಬೆಂಕಿ ಹಚ್ಚಿದವನು ಮನೆ ಉರಿದು ಬೀಳುವ ಹೊತ್ತಿಗೆ ಊರು ಬಿಟ್ಟಿದ್ದ.

ಈಗ ದನದ ಗಂಟಲಿನಿಂದ ಮನುಷ್ಯರ ಗಂಟಲಿಗೆ ಬರೋಣ.

ನಮ್ಮ ಕಡೆ ಅನ್ನನಾಳದ ಕ್ಯಾನ್ಸರ್ ಬಂದವರ ಬಾಯಲ್ಲಿ ಬರುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: ‘ಯಾಕೋ ಮುದ್ದೆ ಇಳೀತಿಲ್ಲ.’ ಮುದ್ದೆಯನ್ನು ಅಗಿಯುವ ಪದ್ಧತಿ ಇಲ್ಲವಾದ್ದರಿಂದ ಅನ್ನನಾಳ ಕಿರಿದಾದ ಸುದ್ದಿ ಮೊದಲು ತಿಳಿಯುವುದು ಅದಕ್ಕೇ. ರೊಟ್ಟಿ ಉಣ್ಣುವವರಿಗೆ ರೊಟ್ಟಿಯಿಂದ ತಿಳಿಯುತ್ತದೆ. ಗ್ಯಾಸ್ ಎಂದುಕೊಂಡು ಒಂದೆರಡು ತಿಂಗಳು ಸೋಡಾ ಕುಡಿಯುತ್ತಾರೆ. ಆಮೇಲೆ ಅನ್ನವೂ ನಿಲ್ಲುತ್ತದೆ, ಗಂಜಿಗೆ ಬರುತ್ತಾರೆ. ಅಷ್ಟರಲ್ಲಿ ಇಪ್ಪತ್ತೈದು ಸೆಂಟಿಮೀಟರ್ ಉದ್ದದ ಆ ಕೊಳವೆಯ ಬಹುಪಾಲು ಅಗಲವನ್ನು ಗಡ್ಡೆ ನುಂಗಿರುತ್ತದೆ. ಜಗತ್ತಿನಲ್ಲಿ 2022ರಲ್ಲಿ ಸುಮಾರು 5.1 ಲಕ್ಷ ಜನರಲ್ಲಿ ಇದು ಹೊಸದಾಗಿ ಪತ್ತೆಯಾಯಿತು, ಅದೇ ವರ್ಷ ಸುಮಾರು 4.45 ಲಕ್ಷ ಜನ ಇದರಿಂದ ಸತ್ತರು. ಎರಡು ಸಂಖ್ಯೆಗಳ ನಡುವಿನ ಅಂತರ ಎಷ್ಟು ಸಣ್ಣದು ನೋಡಿ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಶುರುವಾದದ್ದು 1980ರ ದಶಕದ ಆರಂಭದಲ್ಲಿ. ಅಲ್ಲಿನ ಪಟ್ಟಿಯಲ್ಲಿ ಅನ್ನನಾಳದ ಹೆಸರು ಗಂಡಸರಲ್ಲೂ ಹೆಂಗಸರಲ್ಲೂ ಮೇಲಿನ ಸಾಲುಗಳಲ್ಲೇ ಬರುತ್ತ ಬಂದಿದೆ.

ಜ್ಯಾರೆಟ್ ಬರೆದ ನಾಲ್ಕು ವರ್ಷಕ್ಕೆ, 1982ರಲ್ಲಿ, ಫಿನ್ಲೆಂಡಿನ ರೋಗಶಾಸ್ತ್ರಜ್ಞ ಕಾರಿ ಸಿರ್ಯಾನೆನ್ ಮನುಷ್ಯರ ಅನ್ನನಾಳದ ಗಡ್ಡೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿದ್ದರು. ಗಡ್ಡೆಯ ಅಂಚಿನ ಕೆಲವು ಕೋಶಗಳಲ್ಲಿ ನಡುವಿನ ಬೀಜ ಒಣದ್ರಾಕ್ಷಿಯಂತೆ ಮುದುಡಿಕೊಂಡಿತ್ತು. ಅದರ ಸುತ್ತ, ಮಳೆಗಾಲದ ಚಂದ್ರನಿಗೆ ಕಣ ಕಟ್ಟಿದ ಹಾಗೆ, ಒಂದು ಬಿಳಿ ಬಳೆ. ಗರ್ಭಕಂಠದ ಪರೀಕ್ಷೆ ಮಾಡುವವರಿಗೆ ಈ ಚಿತ್ರ ಬಾಯಿಪಾಠ. ಎಚ್‌ಪಿವಿ, ಅಂದರೆ ಮನುಷ್ಯರ ಪ್ಯಾಪಿಲೋಮಾ ವೈರಸ್ ಹೊಕ್ಕ ಕೋಶ ಹೀಗೇ ಕಾಣುತ್ತದೆ. ಇದು ಗಂಟಲಿನಲ್ಲೇಕೆ ಎಂದು ಸಿರ್ಯಾನೆನ್ ಕೇಳಿದರು. ಮರುವರ್ಷವೇ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ತಂಡ ಗರ್ಭಕಂಠದ ಕ್ಯಾನ್ಸರಿನಲ್ಲಿ ಎಚ್‌ಪಿವಿ-16 ಇದೆ ಎಂದು ಸಾರಿತು. ಅದಕ್ಕೆ 2008ರಲ್ಲಿ ನೊಬೆಲ್ ಬಂತು. ಗರ್ಭಕಂಠದ ಹೊರಮೈ, ಗುದದ್ವಾರ, ಗಂಟಲಿನ ಮೇಲ್ಭಾಗ, ಅನ್ನನಾಳ ಇವೆಲ್ಲಕ್ಕೂ ಹೊದಿಕೆ ಒಂದೇ ಬಗೆಯದು, ಹಂಚು ಹೊದಿಸಿದಂಥ ಚಪ್ಪಟೆ ಕೋಶಗಳ ಪದರ. ಮೊದಲ ಮೂರರಲ್ಲೂ ಕ್ಯಾನ್ಸರಿಗೆ ಎಚ್‌ಪಿವಿ ಕಾರಣ ಎಂಬುದು ಒಂದೊಂದಾಗಿ ರುಜುವಾತಾಯಿತು. ನಾಲ್ಕನೆಯದು ಮಾತ್ರ ನಲವತ್ತು ವರ್ಷವಾದರೂ ಇತ್ಯರ್ಥವಾಗದ ದಾವೆ.

ಅನುಮಾನ ಗಟ್ಟಿಯಾಗಲು ಚೀನಾದ ಹೆನಾನ್ ಪ್ರಾಂತ್ಯದ ಲಿನ್‌ಶಿಯಾನ್ ಕೂಡ ಕಾರಣ. ತೈಹಾಂಗ್ ಬೆಟ್ಟದ ಬುಡದ, ನೀರಿಗೆ ಬಡತನವಿದ್ದ ಈ ಸೀಮೆಯಲ್ಲಿ ಅನ್ನನಾಳದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚಿತ್ತು. ಅಲ್ಲಿನ ಮನೆಗಳ ಕೋಳಿಗಳಿಗೂ ಗಂಟಲಿನ ಕ್ಯಾನ್ಸರ್ ಬರುತ್ತಿತ್ತು. ಸಾಮೂಹಿಕ ತಪಾಸಣೆಗೆಂದು ಶೆನ್ ಚಿಯೊಂಗ್ ಎಂಬ ವೈದ್ಯರು ಮಾಡಿದ ಉಪಾಯ ಸರಳವಾದದ್ದು: ಸಪೂರ ಕೊಳವೆಯ ತುದಿಗೆ ಕಟ್ಟಿದ ಪುಟ್ಟ ಬಲೂನು, ಅದರ ಮೇಲೆ ಹತ್ತಿಯ ಜಾಳಿಗೆ. ಅದನ್ನು ನುಂಗಿಸಿ, ಊದಿ, ಮೆಲ್ಲಗೆ ಎಳೆದರೆ ಅನ್ನನಾಳದ ಕೋಶಗಳು ಜಾಳಿಗೆಗೆ ಮೆತ್ತಿಕೊಂಡು ಬರುತ್ತವೆ. ಊರಿಗೆ ಊರೇ ಬಲೂನು ನುಂಗಿದ್ದರಿಂದ ಸಂಶೋಧಕರಿಗೆ ಮಾದರಿಗಳ ಕೊರತೆ ಇರಲಿಲ್ಲ. ಬೂಷ್ಟು ಹಿಡಿದ ಉಪ್ಪಿನಕಾಯಿ ತರಕಾರಿ, ಜೀವಸತ್ವಗಳ ಕೊರತೆ ಎಲ್ಲವೂ ವಿಚಾರಣೆಗೆ ಬಂದವು. ಚೀನಾದ ಮಾದರಿಗಳಲ್ಲಿ ಎಚ್‌ಪಿವಿಯನ್ನೂ ಹುಡುಕಿದರು. ಸಿಕ್ಕಿತು ಕೂಡ.

ತೊಂದರೆ ಶುರುವಾದದ್ದೇ ಇಲ್ಲಿಂದ. ಒಂದು ಪ್ರಯೋಗಾಲಯಕ್ಕೆ ಅರ್ಧಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ವೈರಸ್ ಸಿಕ್ಕರೆ ಇನ್ನೊಂದಕ್ಕೆ ನೂರರಲ್ಲಿ ಒಂದರಲ್ಲೂ ಇಲ್ಲ. ಚೀನಾದಲ್ಲಿ ಹೆಚ್ಚು, ಯುರೋಪಿನಲ್ಲಿ ಕಡಿಮೆ. ಇದು ಭೂಗೋಳದ ವ್ಯತ್ಯಾಸವೋ ಪರೀಕ್ಷಿಸುವ ಕೈಗಳ ವ್ಯತ್ಯಾಸವೋ? ಪಿಸಿಆರ್ ಎಂಬ ತಂತ್ರವನ್ನು ಕೋವಿಡ್ ನಮಗೆಲ್ಲ ಪರಿಚಯಿಸಿದೆ. ಒಂದು ತುಣುಕು ಡಿಎನ್‌ಎ ಇದ್ದರೂ ಅದು ಕೋಟಿಗಟ್ಟಲೆ ಪ್ರತಿ ತೆಗೆಯುತ್ತದೆ, ಆ ತುಣುಕು ಎಲ್ಲಿಂದ ಬಂತೆಂದು ಮಾತ್ರ ಹೇಳುವುದಿಲ್ಲ. ಬೆಳಿಗ್ಗೆ ಗರ್ಭಕಂಠದ ಮಾದರಿ ಕತ್ತರಿಸಿದ ಬ್ಲೇಡಿನಲ್ಲೇ ಮಧ್ಯಾಹ್ನ ಅನ್ನನಾಳದ ಮಾದರಿ ಕತ್ತರಿಸಿದರೆ ಸಾಕು. ಬಾಯಿಯಿಂದ ಉಗುಳಿನ ಜೊತೆ ಇಳಿದು ಹೋಗುವಾಗ ಸಿಕ್ಕಿಬಿದ್ದ ದಾರಿಹೋಕ ವೈರಸ್ಸೂ ಇರಬಹುದು. ಕಳುವಾದ ಬೀದಿಯಲ್ಲಿ ಓಡಾಡಿದವರೆಲ್ಲ ಕಳ್ಳರಲ್ಲ.

ಹಾಗಾಗಿ ‘ಇದೆಯೇ’ ಎಂಬುದರ ಬದಲು ‘ಕೆಲಸ ಮಾಡುತ್ತಿದೆಯೇ’ ಎಂದು ಕೇಳಬೇಕಾಯಿತು. ಎಚ್‌ಪಿವಿ ಕ್ಯಾನ್ಸರ್ ತರುವ ರೀತಿ ಈಗ ಚೆನ್ನಾಗಿ ಗೊತ್ತು. ನಮ್ಮ ಕೋಶಗಳಲ್ಲಿ ಪಿ53 ಎಂಬ ಕಾವಲುಗಾರ ಪ್ರೋಟೀನ್ ಇದೆ. ಡಿಎನ್‌ಎ ಕೆಟ್ಟ ಕೋಶ ಇಬ್ಭಾಗವಾಗದಂತೆ ತಡೆಯುವುದು ಅದರ ಕೆಲಸ. ವೈರಸ್ ತಯಾರಿಸುವ ಇ6 ಎಂಬ ಪ್ರೋಟೀನ್ ಈ ಕಾವಲುಗಾರನನ್ನು ಹಿಡಿದು ಕೋಶದ ಕಸದಬುಟ್ಟಿಗೆ ಹಾಕಿಸುತ್ತದೆ. ವೈರಸ್ಸೇ ಪಿ53 ಅನ್ನು ಮುಗಿಸಿರುವುದರಿಂದ ಎಚ್‌ಪಿವಿ ತಂದ ಕ್ಯಾನ್ಸರಿನಲ್ಲಿ ಪಿ53ರ ಜೀನ್ ಸಾಮಾನ್ಯವಾಗಿ ಅಖಂಡವಾಗಿರುತ್ತದೆ. ಬೀಗದ ಕೈ ಇಟ್ಟುಕೊಂಡವನು ಬೀಗ ಒಡೆಯುವುದೇಕೆ?

ಅನ್ನನಾಳದ ಚಪ್ಪಟೆ ಕೋಶದ ಕ್ಯಾನ್ಸರಿನಲ್ಲಿ ಬೀಗ ಒಡೆದಿದೆ. ಹತ್ತರಲ್ಲಿ ಒಂಬತ್ತರಷ್ಟು ಗಡ್ಡೆಗಳಲ್ಲಿ ಪಿ53ರ ಜೀನೇ ಕೆಟ್ಟಿದೆ. ಇಡೀ ದಾವೆಯಲ್ಲಿ ನನಗೆ ಅತ್ಯಂತ ಭಾರವಾಗಿ ಕಾಣುವ ಸಾಕ್ಷ್ಯ ಇದು. ಹಲವು ದೇಶಗಳ ರೋಗಿಗಳ ರಕ್ತದಲ್ಲಿ ಇ6ರ ವಿರುದ್ಧದ ಪ್ರತಿಕಾಯಗಳನ್ನು ಹುಡುಕಿದ 2012ರ ದೊಡ್ಡ ಅಧ್ಯಯನಕ್ಕೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ 2017ರಲ್ಲಿ ಅನ್ನನಾಳದ 164 ಗಡ್ಡೆಗಳ ಜಾತಕ ಬಿಡಿಸಿತು. ಅಲ್ಲೂ ಎಚ್‌ಪಿವಿ ಕಾರಣವೆನ್ನಲು ಆಧಾರ ಇರಲಿಲ್ಲ. ಜಾಗದ ವಿಚಾರವೂ ಇದೆ. ಈ ವೈರಸ್ ಬೇರೂರುವುದು ಪದರದ ತಳದ ಕೋಶಗಳಲ್ಲಿ. ಗರ್ಭಕಂಠದಲ್ಲಿ ಎರಡು ಬಗೆಯ ಹೊದಿಕೆ ಕೂಡುವ ಗಡಿಯಲ್ಲೂ ಟಾನ್ಸಿಲ್ಲಿನ ಸಂದುಗಳಲ್ಲೂ ಆ ತಳ ಸುಲಭವಾಗಿ ಕೈಗೆಟುಕುತ್ತದೆ, ಕ್ಯಾನ್ಸರ್ ಏಳುವುದೂ ಅಲ್ಲೇ. ಅನ್ನನಾಳದ ಈ ಕ್ಯಾನ್ಸರಿಗೆ ಮೆಚ್ಚಿನ ಜಾಗ ನಡುಭಾಗ, ಅಲ್ಲಿ ಅಂಥ ಗಡಿಯಿಲ್ಲ.

‘ಸ್ಕಾಟ್ಲೆಂಡಿನ ಹಸುವಿನಲ್ಲೂ ವೈರಸ್ ಸಿಕ್ಕಿರಲಿಲ್ಲವಲ್ಲ?’ ಎಂದು ಕೇಳಬಹುದು. ಹೌದು. ಆದರೆ ಅಲ್ಲಿ ನರುಲಿ ಇತ್ತು, ನರುಲಿಯಲ್ಲಿ ವೈರಸ್ ಇತ್ತು, ಅದೇ ನರುಲಿ ಕ್ಯಾನ್ಸರಿಗೆ ತಿರುಗಿದ್ದನ್ನು ಕಣ್ಣಾರೆ ಕಂಡಿದ್ದರು. ಮನುಷ್ಯರ ಅನ್ನನಾಳದಲ್ಲಿ ನರುಲಿ ಅಪರೂಪ. ಲಿನ್‌ಶಿಯಾನಿನಂಥ ಕಡೆ ಅಯೋಡಿನ್ ಬಳಿದು ನೋಡಿದಾಗ ಬಣ್ಣ ಹಿಡಿಯದೆ ಉಳಿಯುವ ಪೂರ್ವ-ಕ್ಯಾನ್ಸರ್ ತೇಪೆಗಳು ಬಹುತೇಕ ಚಪ್ಪಟೆ. ಮೆಟ್ಟಿಲೇ ಇಲ್ಲದ ಕಡೆ ‘ಹತ್ತಿ ಹೋದ’ ಎನ್ನಲಾಗದು. ಸಿಕ್ಕಿದರೂ ಅಪರಾಧಿ, ಸಿಗದಿದ್ದರೂ ಅಪರಾಧಿ ಎಂಬ ವಾದವನ್ನು ಯಾವ ಪ್ರಯೋಗದಿಂದಲೂ ಸುಳ್ಳು ಮಾಡಲಾಗುವುದಿಲ್ಲ, ಆದ್ದರಿಂದಲೇ ಅದು ವಿಜ್ಞಾನಕ್ಕೆ ನಿರುಪಯೋಗಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಎಚ್‌ಪಿವಿ-16ರ ಲೆಕ್ಕಕ್ಕೆ ಬರೆದ ಅಂಗಗಳ ಪಟ್ಟಿಯಲ್ಲಿ ಅನ್ನನಾಳವನ್ನು ಸೇರಿಸಿಲ್ಲ. ಅದರ ಬೇರೆ ಪಟ್ಟಿಗಳಲ್ಲಿ ಅನ್ನನಾಳ ಇದೆ: ತಂಬಾಕು, ಮದ್ಯ, ಎಲೆ-ಅಡಿಕೆ. ಸುಡುಸುಡುವ, 65 ಡಿಗ್ರಿಗೂ ಹೆಚ್ಚು ಬಿಸಿಯಾದ ಪಾನೀಯಗಳನ್ನು 2016ರಲ್ಲಿ ‘ಸಂಭಾವ್ಯ’ ಎಂಬ ಷರಾ ಬರೆದು ಸೇರಿಸಿದ್ದಾರೆ. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮೊದಲಾದ ನಾಡಿನಲ್ಲಿ ಕೂತು ಈ ಪಟ್ಟಿ ಓದುವುದು ಸ್ವಲ್ಪ ಮುಜುಗರದ ಕೆಲಸವೇ. ಎಚ್‌ಪಿವಿ ಲಸಿಕೆಯನ್ನು ಹೆಣ್ಣುಮಕ್ಕಳಿಗೆ ಹಾಕಿಸಲು ಗರ್ಭಕಂಠದ ಕಾರಣವೊಂದೇ ಬೇಕಾದಷ್ಟಾಯಿತು, ಅನ್ನನಾಳದ ಶಿಫಾರಸು ಬೇಡ.

ದಾವೆ ಇಲ್ಲಿಗೆ ವಜಾ ಎನ್ನುವಷ್ಟರಲ್ಲಿ ಹೊಸದೊಂದು ಕಡತ ಬಂದಿದೆ. ಕೆನ್ಯಾ, ಮಲಾವಿಗಳಲ್ಲಿ ಸಾಕಷ್ಟು ಚಿಕ್ಕ ವಯಸ್ಸಿನವರಿಗೂ ಈ ಕ್ಯಾನ್ಸರ್ ಬರುತ್ತದೆ, ಬೀಡಿ-ಸಾರಾಯಿಯ ಲೆಕ್ಕದಿಂದಷ್ಟೇ ಅದು ತಾಳೆಯಾಗುವುದಿಲ್ಲ. ಹೊಗೆಯಾಗಲಿ ಬಿಸಿಲಾಗಲಿ ಡಿಎನ್‌ಎಯ ಮೇಲೆ ತನ್ನದೇ ಗೀರು ಬಿಡುತ್ತದೆ. ಆ ಗೀರು ಓದಿ ಅಪರಿಚಿತ ವಿಷವನ್ನು ಗುರುತಿಸಬಹುದೇ ಎಂದು ಎಂಟು ದೇಶಗಳ 552 ಗಡ್ಡೆಗಳ ಸಂಪೂರ್ಣ ಜೀನೋಮನ್ನು ಓದಿದರು. ಫಲಿತಾಂಶ 2021ರಲ್ಲಿ ಬಂತು. ರೋಗ ಹೆಚ್ಚಿರುವ ನಾಡಿಗೂ ಕಡಿಮೆ ಇರುವ ನಾಡಿಗೂ ವ್ಯತ್ಯಾಸ ಹೇಳುವಂಥ ಗೀರು ಸಿಗಲಿಲ್ಲ. ಎಲ್ಲ ದೇಶಗಳಲ್ಲೂ, ನೂರರಲ್ಲಿ 88 ಗಡ್ಡೆಗಳಲ್ಲಿ ಕಂಡದ್ದು ನಮ್ಮ ಕೋಶದ್ದೇ ಆದ ಅಪೊಬೆಕ್ ಎಂಬ ಕಿಣ್ವಗಳ ಗೀರು. ಒಳನುಗ್ಗಿದ ವೈರಸ್ಸಿನ ಜೀನ್‌ಗಳನ್ನು ಗೀಚಿ ಹಾಳುಮಾಡಲೆಂದೇ ಕೋಶ ಇಟ್ಟುಕೊಂಡಿರುವ ಆಯುಧ ಅದು. ಆ ಕತ್ತಿ ಇಲ್ಲಿ ಬೀಸಿದ್ದು ಮನೆಯವರ ಮೇಲೇ. ವೈರಸ್ ಇಲ್ಲದೆಯೂ ಅದು ಒರೆಯಿಂದ ಹೊರಬರುವುದುಂಟು, ಎದೆಯ ಕ್ಯಾನ್ಸರಿನಲ್ಲಿ ಹಾಗೆಯೇ ಆಗಿದೆ. ಅನ್ನನಾಳದಲ್ಲಿ ಅದನ್ನು ಹೊರಗೆ ಎಳೆದದ್ದು ಯಾವುದು ಎಂಬುದನ್ನು ಈಗ ಹುಡುಕುತ್ತಿದ್ದಾರೆ.