ಹೃದಯದ ಶಸ್ತ್ರಚಿಕಿತ್ಸೆಯ ಅನಂತರ

ಹೃದಯದ ಶಸ್ತ್ರಚಿಕಿತ್ಸೆ ಎಂದೊಡನೆ ನಮಗೆ ನೆನಪಾಗುವವರು ಶಸ್ತ್ರವೈದ್ಯರು. ಅವರ ಕೆಲಸ ಕೆಲವು ಗಂಟೆಗಳದು. ಮುಂದಿನ ವಾರಗಳ ಕೆಲಸ ದಾದಿಯರದು, ಮನೆಯವರದು ಮತ್ತು ಸ್ವತಃ ರೋಗಿಯದು.

೧೯೫೩ರಲ್ಲಿ ಅಮೆರಿಕದ ಡಾ. ಜಾನ್ ಗಿಬ್ಬನ್ ಅವರು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ, ತೆರೆದ ಹೃದಯದ ಚಿಕಿತ್ಸೆಯಲ್ಲಿ ಯಶಸ್ಸು ಪಡೆದರು. ಅದೇ ವರ್ಷ ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಇಂದು ಉಡುಪಿ, ಕಾಪು, ಕಾರ್ಕಳಗಳ ರೋಗಿಗಳಿಗೆ ಈ ಚಿಕಿತ್ಸೆ ಮಣಿಪಾಲದಲ್ಲಿಯೇ ದೊರೆಯುತ್ತದೆ.

ಶಸ್ತ್ರಚಿಕಿತ್ಸೆ ಮುಗಿದ ರೋಗಿಯ ನಾಡಿ, ರಕ್ತದ ಒತ್ತಡ, ಮೂತ್ರದ ಪ್ರಮಾಣ, ಎದೆಯ ಕೊಳವೆಯಿಂದ ಹರಿದ ರಕ್ತ ಇವೆಲ್ಲವನ್ನೂ ದಾದಿಯರು ಗಂಟೆಗಂಟೆಗೂ ಅಳೆದು ಬರೆದಿಡುತ್ತಾರೆ. ಆ ರಕ್ತ ಹೆಚ್ಚು ಹರಿದರೂ ಅಪಾಯ, ಥಟ್ಟನೆ ನಿಂತರೂ ಅಪಾಯ. ಕೊಳವೆ ಕಟ್ಟಿಕೊಂಡರೆ ಒಳಗೆ ತುಂಬಿದ ರಕ್ತವು ಹೃದಯವನ್ನೇ ಅದುಮಬಲ್ಲದು.

ಒಂದೆರಡು ದಿನಗಳಲ್ಲಿ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. “ಪಾಪ, ಮಲಗಿರಲಿ ಬಿಡಿ” ಎಂದು ಮನೆಯವರು ಮರುಗುವುದುಂಟು. ಆದರೆ ಮಲಗಿಯೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ದಿಂಬನ್ನು ಎದೆಗವಚಿಕೊಂಡು ಕೆಮ್ಮಿದರೆ ನೋವು ಕಡಿಮೆಯಾಗುತ್ತದೆ, ಕಫವೂ ಹೊರಬೀಳುತ್ತದೆ.

ಮನೆಗೆ ಬಂದ ಮೇಲೆ ತೊಡಕು ಬೇರೆ ಬಗೆಯದು. ಸೀಳಿ, ತಂತಿಯಿಂದ ಬಿಗಿದ ಎದೆಮೂಳೆ ಕೂಡಿಕೊಳ್ಳಲು ಆರರಿಂದ ಹನ್ನೆರಡು ವಾರ ಬೇಕು. ಚರ್ಮದ ಗಾಯವಾದರೋ ಅದಕ್ಕಿಂತ ಮೊದಲೇ ಮಾಯುತ್ತದೆ. ಅದನ್ನೇ ನಂಬಿ ಬಾವಿಯಿಂದ ನೀರು ಸೇದಲು, ತೆಂಗಿನಕಾಯಿ ಸುಲಿಯಲು, ಸ್ಕೂಟರು ಓಡಿಸಲು ಹೊರಡಬಾರದು. ನಡಿಗೆಯನ್ನು ಮಾತ್ರ ಬಿಡಬಾರದು. ಮೊದಲು ಅಂಗಳದಲ್ಲಿ, ಆಮೇಲೆ ಸಮತಟ್ಟಾದ ರಸ್ತೆಯಲ್ಲಿ ನಡೆಯಬೇಕು. ಕಾಪುವಿನ ಕಡಲತೀರದ ಮರಳಿಗೂ ಕಾರ್ಕಳದ ಗೊಮ್ಮಟಬೆಟ್ಟದ ಮೆಟ್ಟಿಲುಗಳಿಗೂ ಅವಸರ ಬೇಡ.

ಗಂಜಿಯೊಡನೆ ನಂಚಿಕೊಳ್ಳುವ ಉಪ್ಪಿನಕಾಯಿ, ಒಣಮೀನು ನಮಗೆ ಪ್ರಿಯ. ಆದರೆ ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಟ್ಟು ಹೃದಯಕ್ಕೆ ಭಾರ ಹೊರಿಸುತ್ತದೆ. ಪ್ರತಿದಿನ ಬೆಳಿಗ್ಗೆ ತೂಕ ನೋಡುವುದು ಒಳ್ಳೆಯದು. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ, ಉಬ್ಬಸ ಅಥವಾ ಜ್ವರ ಬಂದರೆ, ಗಾಯ ಕೀವಾದರೆ, ಎದೆಮೂಳೆ ಕಟಕಟ ಎಂದರೆ ಕೂಡಲೇ ವೈದ್ಯರನ್ನು ಕಾಣಬೇಕು. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವಮಾನವಿಡೀ ತಪ್ಪಿಸಬಾರದು. ಅದರ ಪ್ರಮಾಣವನ್ನು ನಿಗದಿಪಡಿಸಲು ಆಗಾಗ ರಕ್ತಪರೀಕ್ಷೆಯೂ ಅವಶ್ಯ.

ಕೊನೆಯದಾಗಿ ಒಂದು ಮಾತು. ಈ ದಿನಗಳಲ್ಲಿ ಕೆಲವರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ನಿದ್ದೆ ಕೆಡುತ್ತದೆ. ಅದು ಹೇಡಿತನವಲ್ಲ. ಬಹುಮಟ್ಟಿಗೆ ತಾನೇ ಕಳೆಯುತ್ತದೆ, ಕಳೆಯದಿದ್ದರೆ ವೈದ್ಯರಿಗೆ ತಿಳಿಸಬೇಕು. ರೋಗಿಯನ್ನು ಮಲಗಿಸಿಯೇ ಇಡುವುದು ಪ್ರೀತಿಯಲ್ಲ, ಎಲ್ಲ ಕೆಲಸಕ್ಕೂ ಬಿಡುವುದು ಧೈರ್ಯವೂ ಅಲ್ಲ. ಎಷ್ಟು ನಡೆಸಬೇಕು, ಎಲ್ಲಿ ತಡೆಯಬೇಕು ಎಂಬ ಅಳತೆಯನ್ನು ಅರಿಯುವುದೇ ಶುಶ್ರೂಷೆ.