ಕಣ್ಣುರೆಪ್ಪೆಗೊಂದು ಖಾತೆ ತೆರೆದೆವು

ನಮ್ಮ ವಿಜಯಪುರ ಸೀಮೆಯಲ್ಲಿ ‘ತಿಂಡಿ’ ಎಂದರೆ ಇಡ್ಲಿ, ಉಪ್ಪಿಟ್ಟು ಅಲ್ಲ, ತುರಿಕೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಹೊಸತರಲ್ಲಿ ಮೈಸೂರು ಕಡೆಯಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ಕುರ್ಚಿಗೆ ಕೂಡುತ್ತಲೇ ‘ತಿಂಡಿ ಆಯ್ತಾ?’ ಎಂದು ಪ್ರೀತಿಯಿಂದ ಕೇಳಿದರು. ‘ನನಗ್ಯಾಕ ಆಗಬೇಕ್ರೀ? ದಿನಾ ಜಳಕಾ ಮಾಡತೀನಿ’ ಎಂದು ನಾನು ಮುಖ ಊದಿಸಿಕೊಂಡು ಉತ್ತರ ಕೊಟ್ಟೆ. ಇಡೀ ಶಾಖೆ ಒಂದು ವಾರ ನಕ್ಕಿತು. ಎಪ್ಪತ್ತು ದಾಟಿದ ಮೇಲೆ ಆ ಮಾತು ನನ್ನನ್ನೇ ಹುಡುಕಿಕೊಂಡು ಬಂತು. ತಿಂಡಿ ಆಯಿತು. ಅದೂ ಎಲ್ಲಿ? ಎರಡೂ ಕಣ್ಣುರೆಪ್ಪೆಗಳ ಮೇಲೆ.

ಎರಡು ವರ್ಷದ ಹಿಂದಿನ ಮಾತು. ಆಲಮಟ್ಟಿಯಲ್ಲಿ ಮುಂಗಾರು ಹಿಡಿದು ಜಲಾಶಯಕ್ಕೆ ಹೊಸ ನೀರು ಬರುತ್ತಿದ್ದ ಕಾಲ. ಮೊದಲು ಮೇಲ್ರೆಪ್ಪೆ ಕೆಂಪಗಾಯಿತು. ಆಮೇಲೆ ಒಣಗಿ, ಈರುಳ್ಳಿ ಸಿಪ್ಪೆಯಂತೆ ಹೊಟ್ಟು ಏಳತೊಡಗಿತು. ಬೆಳಿಗ್ಗೆ ಎದ್ದರೆ ಕಣ್ಣು ಅರ್ಧ ಮಾತ್ರ ತೆರೆಯುತ್ತಿತ್ತು. ಎಂಟನೆಯ ಇಯತ್ತೆಯ ನನ್ನ ಮೊಮ್ಮಗಳು, ‘ಅಜ್ಜಾ, ನೀ ಗೂಗಿ ಹಂಗ ಕಾಣಾಕತ್ತಿ ನೋಡು’ ಎಂದಳು. ಗೂಗಿ ಎಂದರೆ ಗೂಬೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕರೂ ರೆಪ್ಪೆ ಉರಿಯುತ್ತಿತ್ತು.

ಹಳ್ಳಿಯಲ್ಲಿ ಔಷಧಿಗೆ ಬರವಿಲ್ಲ. ಒಬ್ಬರು ಹರಳೆಣ್ಣೆ ಎಂದರು. ಇನ್ನೊಬ್ಬರು ಬೇವಿನ ಎಲೆ ಅರೆದು ಹಚ್ಚಿ ಎಂದರು. ಮನೆಯವರು ಅರಿಷಿಣ ತೇಯ್ದು ಬಟ್ಟಲು ಹಿಡಿದು ನಿಂತರು. ಬೇವು ಹಚ್ಚಿದ ದಿನ ನನಗೆ ನಕ್ಷತ್ರ ಕಂಡವು. ಕೊನೆಗೆ ಒಂದು ಔಷಧಿ ಅಂಗಡಿಗೆ ಹೋಗಿ ಕಣ್ಣು ತೋರಿಸಿದೆ. ಬೆರಳುದ್ದದ ಒಂದು ಟ್ಯೂಬು ಕೊಟ್ಟರು. ಹಚ್ಚಿದ ಎರಡೇ ದಿನಕ್ಕೆ ರೆಪ್ಪೆ ಮಗುವಿನ ಕೆನ್ನೆಯಂತಾಯಿತು! ಊರೆಲ್ಲ ಆ ಟ್ಯೂಬಿನ ಗುಣಗಾನ ಮಾಡಿಕೊಂಡು ತಿರುಗಿದೆ. ನಾಲ್ಕು ದಿನ ಬಿಟ್ಟರೆ ತಿಂಡಿ ಮತ್ತೆ ಹಾಜರು. ಮತ್ತೆ ಟ್ಯೂಬು. ಹೀಗೆ ದೀಪಾವಳಿಯವರೆಗೆ, ಸುಮಾರು ಐದು ತಿಂಗಳು, ನಾನು ಆ ಮುಲಾಮಿನ ಸಾಲಗಾರನಾಗಿದ್ದೆ. ಸಾಲದ ಬಡ್ಡಿ ಏರುವ ಬಗೆ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಕಾಣಲಿಲ್ಲ.

ದೀಪಾವಳಿ ಹೊತ್ತಿಗೆ ಓದುವಾಗ ಅಕ್ಷರ ಮಸುಕಾಗತೊಡಗಿತು. ಮಗ ಬಲವಂತ ಮಾಡಿ ಬಾಗಲಕೋಟೆಗೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಆ ಡಾಕ್ಟರಮ್ಮ ರೆಪ್ಪೆಯನ್ನು ಕಾಲು ನಿಮಿಷವೂ ನೋಡಲಿಲ್ಲ. ಕಿವಿಯ ಹಿಂದೆ ನೋಡಿದರು, ಗದ್ದ ಎತ್ತಿಸಿ ಕೆಳಗೆ ನೋಡಿದರು, ಕುತ್ತಿಗೆಯ ಮಡಿಕೆ, ಮೊಣಕೈಯ ಒಳಮಡಿಕೆ ನೋಡಿದರು. ಅಲ್ಲೆಲ್ಲ ನನಗೇ ಗೊತ್ತಿಲ್ಲದ ಕೆಂಪು ತೇಪೆಗಳಿದ್ದವು. ಆಮೇಲೆ ನನ್ನ ಟ್ಯೂಬು ಕೇಳಿ ತೆಗೆದುಕೊಂಡು ಹೆಸರು ಓದಿದರು.

‘ಅಜ್ಜಾರ, ಇದನ್ನ ಯಾರು ಬರಕೊಟ್ಟರು?’

‘ಯಾರೂ ಬರಕೊಟ್ಟಿಲ್ರೀ.’

‘ಎಷ್ಟು ದಿನ ಹಚ್ಚೀರಿ?’

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ‘ಮೊದಲ ಕಣ್ಣಿನ ಡಾಕ್ಟರ ಕಡೆ ಹೋಗಿ ಒತ್ತಡ ಅಳಸಕೊಂಡು ಬರ್ರಿ. ಉಳಿದದ್ದು ಆಮ್ಯಾಲ ಮಾತಾಡೂಣು.’

ಕಣ್ಣಿನೊಳಗೂ ರಕ್ತದೊತ್ತಡದಂತೆಯೇ ಒಂದು ಒತ್ತಡವಿರುತ್ತದೆ ಎಂಬುದು ಅಂದಿನವರೆಗೆ ನನಗೆ ತಿಳಿದಿರಲಿಲ್ಲ. ಅದು ಸಾಮಾನ್ಯವಾಗಿ 10ರಿಂದ 21ರ ನಡುವೆ ಇರಬೇಕು. ನನ್ನದು 29 ಬಂದಿತ್ತು. ಹಾಗೆಯೇ ಬಿಟ್ಟರೆ ಕಣ್ಣಿನ ನರ ನಿಧಾನವಾಗಿ ಸಾಯುತ್ತದೆ, ಅದೇ ಗ್ಲಾಕೋಮಾ. ಸತ್ತ ನರ ಮತ್ತೆ ಚಿಗುರುವುದಿಲ್ಲ. ನಾನು ಹಚ್ಚುತ್ತಿದ್ದದ್ದು ಸ್ಟೀರಾಯ್ಡ್ ಮುಲಾಮು, ಅದೂ ದಪ್ಪ ಚರ್ಮಕ್ಕೆಂದು ಮಾಡಿದ ಜೋರಿನದು. ಕಣ್ಣುರೆಪ್ಪೆಯ ಚರ್ಮ ನಮ್ಮ ಮೈಯಲ್ಲೆಲ್ಲ ತೆಳ್ಳನೆಯದು, ಅರ್ಧ ಮಿಲಿಮೀಟರಿನ ಆಸುಪಾಸು. ಅಂಗಾಲಿಗೆ ಹಚ್ಚಿದರೆ ಮೇಲೆಯೇ ನಿಲ್ಲುವ ಔಷಧಿ ಇಲ್ಲಿ ಸಲೀಸಾಗಿ ಒಳಗಿಳಿಯುತ್ತದೆ, ಕಣ್ಣಿಗೂ ಜಾರುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಚೀಟಿಯಿಲ್ಲದೆ ಕೊಟ್ಟವರದು ಒಂದು ತಪ್ಪಾದರೆ, ಸಹಿಯಿಲ್ಲದ ಚೆಕ್ಕನ್ನು ಮೂವತ್ತೈದು ವರ್ಷ ವಾಪಸು ಕಳಿಸಿದ ನಾನು ಚೀಟಿಯಿಲ್ಲದ ಔಷಧಿ ತೆಗೆದುಕೊಂಡದ್ದು ಎರಡು ತಪ್ಪು.

ಟ್ಯೂಬು ನಿಂತಿತು, ಕಣ್ಣಿಗೆ ಹನಿ ಶುರುವಾಯಿತು. ಮುಂದಿನ ಮೂರು ವಾರ ಹೇಳತೀರದು. ಬಿಟ್ಟ ಸ್ಟೀರಾಯ್ಡ್ ಸೇಡು ತೀರಿಸಿಕೊಳ್ಳುವುದುಂಟಂತೆ. ರೆಪ್ಪೆ ಊದಿ, ಸೋರಿ, ರಾತ್ರಿ ನಿದ್ದೆಯಿಲ್ಲ. ಆಗ ನನ್ನನ್ನು ಉಳಿಸಿದ್ದು ತಣ್ಣೀರಲ್ಲಿ ಹಿಂಡಿದ ಹಳೆಯ ಧೋತರದ ಚೂರು, ವಾಸನೆಯಿಲ್ಲದ ಬಿಳಿ ವ್ಯಾಸಲೀನು, ಮತ್ತು ಸ್ಟೀರಾಯ್ಡ್ ಅಲ್ಲದ ಒಂದು ಮುಲಾಮನ್ನು ಡಾಕ್ಟರಮ್ಮ ಲೆಕ್ಕ ಹಾಕಿ ಬರೆದುಕೊಟ್ಟದ್ದು. ಮುಖಕ್ಕೆ ಸೋಪು ಬಂದ್ ಮಾಡಿಸಿದರು. ಮುಖ ತೊಳೆದ ಮೇಲೆ ತಿಕ್ಕಿ ಒರೆಸದೆ, ಟವೆಲ್ಲಿನಿಂದ ಒತ್ತಿ ತೆಗೆದು, ಇನ್ನೂ ಪಸೆ ಇರುವಾಗಲೇ ವ್ಯಾಸಲೀನು ಸವರಬೇಕು. ವಯಸ್ಸಾದವರ ಚರ್ಮದಲ್ಲಿ ಎಣ್ಣೆಯಂಶ ಮೊದಲೇ ಕಡಿಮೆ. ನಮ್ಮ ಕಡೆಯ ಚಳಿಗಾಲದ ಒಣಗಾಳಿ ಇದ್ದಬದ್ದದ್ದನ್ನೂ ಹೀರುತ್ತದೆ.

ಆದರೆ ಇದೆಲ್ಲ ಬೆಂಕಿಗೆ ನೀರು ಹಾಕಿದಂತೆ. ಬೆಂಕಿ ಹಚ್ಚುತ್ತಿರುವವರು ಯಾರು? ‘ರೆಪ್ಪೆ ಕಳ್ಳ ಅಲ್ರೀ ಅಜ್ಜಾರ, ದೂರು ಕೊಡಾಕ ಬಂದವ. ಕಳ್ಳನ್ನ ನೀವು ಹುಡುಕಬೇಕು’ ಎಂದರು ಡಾಕ್ಟರಮ್ಮ. ಏನು ಮುಟ್ಟಿದಿರಿ, ಎಲ್ಲಿ ಹೋದಿರಿ, ದಿನಾ ಬರೆದಿಡಿ ಎಂದರು.

ಬರೆದಿಡುವುದೇ? ಅದು ನನ್ನ ಹುಟ್ಟು ಕಸುಬು! ಮೊಮ್ಮಗಳ ಶಾಲೆಯ ಹಳೆಯ ನೋಟುಬುಕ್ಕಿನಲ್ಲಿ ಖಾತೆ ತೆರೆದೆವು. ಎಡಪುಟದಲ್ಲಿ ಆ ದಿನ ಮುಖಕ್ಕೆ, ಕೈಗೆ ತಾಗಿದ್ದೆಲ್ಲ. ಬಲಪುಟದಲ್ಲಿ ತಿಂಡಿ ಎಷ್ಟು, ಸೊನ್ನೆಯಿಂದ ಐದರವರೆಗೆ. ಅಂಕ ಹಾಕುವವಳು ಅವಳು. ‘ಅಜ್ಜಾ ತಂದು ತಾನ ಅಂಕಾ ಹಾಕೊಂಡರ ಕಡಿಮಿ ಬರಿತಾನ’ ಎಂಬುದು ಅವಳ ತಕರಾರು. ಲೆಕ್ಕಪರಿಶೋಧಕರು ಹಾಗೆಯೇ ಇರಬೇಕು.

ಮೊದಲ ಅನುಮಾನ ತಲೆಗೆ ಹಚ್ಚುವ ಬಣ್ಣದ ಮೇಲೆ. ಕೂದಲಿಗೆ ಹಚ್ಚಿದ ಕಪ್ಪು ಬಣ್ಣ ನೆತ್ತಿಗೆ ಏನೂ ಮಾಡದೆ ರೆಪ್ಪೆಯನ್ನು ಊದಿಸುವುದು ಬಹಳ ಮಂದಿಗೆ ಆಗುತ್ತದಂತೆ. ಬಣ್ಣ ಬಿಟ್ಟೆ. ತಲೆ ಬೆಳ್ಳಗಾಯಿತು, ತಿಂಡಿ ಹಾಗೇ ಉಳಿಯಿತು. ತಲೆನೋವಿನ ಮುಲಾಮು ಬಿಟ್ಟೆ, ಕನ್ನಡಕದ ಚೌಕಟ್ಟು ಬದಲಿಸಿದೆ. ನಮ್ಮ ಕೈ ದಿನಕ್ಕೆ ಎಷ್ಟು ಸಲ ಕಣ್ಣಿಗೆ ಹೋಗುತ್ತದೆ ಎಂದು ಎಣಿಸಿ ನೋಡಿ, ಮಕ್ಕಳೇ; ದಂಗಾಗುತ್ತೀರಿ. ಅಕ್ಕನ ಉಗುರುಬಣ್ಣ ಉಗುರಿಗೆ ತಂಟೆ ಮಾಡದೆ ರೆಪ್ಪೆಗೆ ಮಾಡುವುದು ಈ ದಾರಿಯಿಂದಲೇ. ಕಾಡಿಗೆ, ಸುಗಂಧದ ಪೌಡರು, ಕೆಲವು ಕಣ್ಣಿನ ಹನಿಗಳು ಕೂಡ ಇದೇ ಪಟ್ಟಿಯಲ್ಲಿವೆ. ಇನ್ನು ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಒಣಚರ್ಮ, ಇಸಬು, ಉಬ್ಬಸದ ಗುಣ ಮನೆತನದಲ್ಲೇ ಬಂದಿರುತ್ತದೆ. ಅಂಥವರು ಕಣ್ಣುಜ್ಜಿದಷ್ಟೂ ರೆಪ್ಪೆ ದಪ್ಪಗಾಗಿ ಕಪ್ಪಾಗುತ್ತದೆ.

ನಮ್ಮ ಖಾತೆಯಲ್ಲಿ ಕಳ್ಳ ಸಿಕ್ಕಿಬಿದ್ದದ್ದು ಒಂದು ಆಕಸ್ಮಿಕದಿಂದ. ಅಂಗಳದಲ್ಲಿ ಕಾಲು ಉಳುಕಿ ಹತ್ತು ದಿನ ಮನೆಯೊಳಗೇ ಬಿದ್ದುಕೊಂಡೆ. ಬಲಪುಟದಲ್ಲಿ ನಾಲ್ಕು, ನಾಲ್ಕು, ಮೂರು, ಎರಡು, ಒಂದು. ಕಾಲು ಸರಿಹೋಗಿ ಸಂಜೆಯ ತಿರುಗಾಟ ಶುರು ಮಾಡಿದ ಮೂರನೆಯ ದಿನ ಮತ್ತೆ ನಾಲ್ಕು. ಪಕ್ಕದ ಖಾಲಿ ನಿವೇಶನದ ಕಸ ಕಡಿದು ಒಣಗಲು ಗುಡ್ಡೆ ಹಾಕಿದ ಮರುದಿನ ಐದಕ್ಕೆ ಐದು. ಮೊಮ್ಮಗಳು ಪೆನ್ಸಿಲಿನಿಂದ ಆ ಮೂರು ಸಾಲಿಗೂ ಗೆರೆ ಎಳೆದಳು. ‘ಅಜ್ಜಾ, ಒಳಗಿದ್ದಾಗ ಇಲ್ಲ. ಹೊರಗ ಹೋದರ ಐತಿ. ಗಾಳ್ಯಾಗ ಏನೋ ಐತಿ.’

ಗಾಳಿಯಲ್ಲಿ ಇದ್ದದ್ದು ಕಾಂಗ್ರೆಸ್ ಕಸ. ಹೆಸರಿಗೆ ಯಾವ ಪಕ್ಷದವರೂ ಬೇಸರಿಸಬಾರದು; ಬಿಳಿ ಹೂವು ಬಿಳಿ ಟೊಪ್ಪಿಗೆಯಂತೆ ಕಂಡದ್ದಕ್ಕೆ ಜನ ಇಟ್ಟ ಹೆಸರು ಎನ್ನುತ್ತಾರೆ. ಶಾಲೆಯ ಪುಸ್ತಕದಲ್ಲಿ ಅದು ಪಾರ್ಥೇನಿಯಂ. ಅಮೆರಿಕ ಖಂಡದ ಗಿಡ. ಹೊರಗಿನಿಂದ ತರಿಸಿದ ಗೋಧಿಯೊಡನೆ ಬಂತೆಂದು ಹೇಳುತ್ತಾರೆ; ಪುಣೆಯಲ್ಲಿ 1956ರಲ್ಲಿ ಅದನ್ನು ಗುರುತಿಸಿದರು. ಒಂದು ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸುತ್ತದೆ. ಅದರಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಕೆಲವರ ಮೈಗೆ ಆಗುವುದಿಲ್ಲ. ಒಣಗಿದ ಎಲೆಯ ಪುಡಿ, ಸಣ್ಣ ಕೂದಲೆಳೆಗಳು ಗಾಳಿಯಲ್ಲಿ ತೇಲಿ ಬಂದು ಮುಖಕ್ಕೆ ಕೂಡುತ್ತವೆ. ಬಿಸಿಲಿನಿಂದ ಬರುವ ತೊಂದರೆಯಾದರೆ ನೆರಳಿರುವ ಜಾಗ ಸಾಮಾನ್ಯವಾಗಿ ಉಳಿಯಬೇಕು: ಮೇಲ್ರೆಪ್ಪೆ, ಕಿವಿಯ ಹಿಂದೆ, ಗದ್ದದ ಕೆಳಗೆ. ಗಾಳಿಯ ಧೂಳಿಗೆ ನೆರಳು, ಬಿಸಿಲು ಒಂದೇ. ಮಡಿಕೆಗಳಲ್ಲೇ ಹೆಚ್ಚು ಕೂಡುತ್ತದೆ. ಡಾಕ್ಟರಮ್ಮ ಮೊದಲ ದಿನವೇ ಕಿವಿಯ ಹಿಂದೆ ಯಾಕೆ ನೋಡಿದರೆಂದು ಆಗ ಅರ್ಥವಾಯಿತು. ಈ ಬೇನೆ ಹೆಚ್ಚಾಗಿ ಕಾಡುವುದು ಹೊಲ, ಬಯಲಲ್ಲಿ ತಿರುಗುವ ವಯಸ್ಸಾದ ಗಂಡಸರನ್ನೇ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು ನಮ್ಮದು. ಜಲಾಶಯಕ್ಕೂ ಅವರದೇ ಹೆಸರು. ನೀರು ಬಂತು, ಹಸಿರು ಬಂತು, ಅಂಚಿನ ತೇವದಲ್ಲಿ ಈ ಕಸಕ್ಕೂ ಚಳಿಗಾಲದಲ್ಲೂ ಊಟ ಸಿಕ್ಕಿತು. ನಾನು ದಿನಾ ಸಂಜೆ ‘ಒಳ್ಳೆಯ ಗಾಳಿ’ ಎಂದು ಎದೆ ತುಂಬ ಉಸಿರೆಳೆಯುತ್ತ ನಡೆದದ್ದು ಅದೇ ಗಿಡಗಳ ನಡುವೆ.

ಅನುಮಾನವನ್ನು ಖಾತ್ರಿ ಮಾಡಲು ಬೆನ್ನಿಗೆ ಪಟ್ಟಿ ಅಂಟಿಸುವ ಪರೀಕ್ಷೆ ಮಾಡಿದರು. ಹಲವು ವಸ್ತುಗಳನ್ನು ಚಿಕ್ಕ ಚಿಕ್ಕ ಬಿಲ್ಲೆಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. ಎರಡು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ. ಪಟ್ಟಿ ಬಿಚ್ಚಿದಾಗ ಒಂದು ಸಲ, ಮತ್ತೆ ಎರಡು ದಿನ ಬಿಟ್ಟು ಇನ್ನೊಂದು ಸಲ ನೋಡುತ್ತಾರೆ. ಉಳಿದ ಬಿಲ್ಲೆಗಳ ಜಾಗ ಸ್ವಚ್ಛವಿತ್ತು. ಪಾರ್ಥೇನಿಯಂ ಇದ್ದ ಜಾಗ ಕೆಂಪಗೆ ಉಬ್ಬಿತ್ತು. ಮೊಮ್ಮಗಳು ತನ್ನ ನೋಟುಬುಕ್ಕನ್ನು ಡಾಕ್ಟರಮ್ಮನಿಗೆ ತೋರಿಸಿದಳು. ಅವರು ಅದರ ಕೊನೆಯ ಪುಟದಲ್ಲಿ ಸಹಿ ಮಾಡಿ ಕೊಟ್ಟರು. ನನ್ನ ಸೇವೆಯುದ್ದಕ್ಕೂ ನನ್ನ ಲೆಜರಿಗೆ ಯಾರೂ ಅಷ್ಟು ಖುಷಿಯಿಂದ ಸಹಿ ಮಾಡಿರಲಿಲ್ಲ.

ಈ ಕಸದ ಮೇಲಿನ ಯುದ್ಧದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. 1975ರಲ್ಲೇ ಕರ್ನಾಟಕ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. 1983ರಲ್ಲಿ ಇದರ ಎಲೆ ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೋದಿಂದ ಬೆಂಗಳೂರಿಗೆ ತಂದು, ಪರೀಕ್ಷಿಸಿ, ಮರುವರ್ಷ ಬಯಲಿಗೆ ಬಿಟ್ಟರು. ಕೆನೆಬಣ್ಣದ ರೆಕ್ಕೆಯ ಮೇಲೆ ಕಂದು ಗೆರೆಗಳ ಚೆಂದದ ಹುಳ. ಮಳೆಗಾಲದಲ್ಲಿ ದೂರ ನಿಂತು ಹುಡುಕಿ ನೋಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಂ. ಮಹದೇವಪ್ಪನವರು ತಗಚೆಯ ಜಾತಿಯ ಗಿಡ ಬೆಳೆಸಿ ಈ ಕಸವನ್ನು ಹಿಮ್ಮೆಟ್ಟಿಸುವ ದಾರಿ ತೋರಿಸಿದರು. ಇಷ್ಟಾದರೂ ಕಸ ಹೋಗಿಲ್ಲ. ನನಗನ್ನಿಸುವುದು, ಎಲ್ಲರ ಜಾಗದಲ್ಲಿ ಬೆಳೆದದ್ದನ್ನು ಯಾರೂ ಕೀಳುವುದಿಲ್ಲ, ಅಷ್ಟೇ.

ನಮ್ಮ ಓಣಿಯವರು ಮಾತ್ರ ಈ ಸಲ ಕಿತ್ತರು. ಮೊದಲ ಮಳೆಯ ಮೇಲೆ, ಹೂವಾಡುವ ಮೊದಲೇ, ನೆಲ ಹಸಿಯಿರುವಾಗ ಬೇರುಸಹಿತ. ಕೈಗೆ ಗವಸು, ಮೂಗು ಬಾಯಿಗೆ ಬಟ್ಟೆ, ತುಂಬುತೋಳಿನ ಅಂಗಿ. ಸುಡಲಿಲ್ಲ, ಗುಂಡಿಗೆ ಹಾಕಿ ಗೊಬ್ಬರಕ್ಕೆ ಬಿಟ್ಟರು. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬೇಡಿ. ಇವತ್ತು ಏನೂ ಆಗದ ಕೈಗೆ ಹತ್ತಾರು ಸಲ ಮುಟ್ಟಿದ ಮೇಲೆ ಆಗಲು ಶುರುವಾಗಬಹುದು. ನನಗಂತೂ ಹತ್ತಿರ ಬರಲು ಅಪ್ಪಣೆಯಿರಲಿಲ್ಲ. ಕಿಟಕಿಯೊಳಗಿಂದ ಕೂಗಿ ಮೇಲ್ವಿಚಾರಣೆ ಮಾಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಈಗ ತಿರುಗಾಟದ ದಾರಿ ಬದಲಾಗಿದೆ. ಹೊರಗಿಂದ ಬಂದೊಡನೆ ಮುಖ ತೊಳೆದು ಅಂಗಿ ಬದಲಿಸುತ್ತೇನೆ. ನನ್ನ ಬಟ್ಟೆ ಒಣಹಾಕುವುದು ಮನೆಯೊಳಗೆ. ಕಣ್ಣಿನ ಒತ್ತಡ ಮೂರು ತಿಂಗಳಲ್ಲಿ 17ಕ್ಕೆ ಇಳಿಯಿತು. ನರ ಉಳಿದಿದೆ ಎಂದರು ಕಣ್ಣಿನ ಡಾಕ್ಟರು. ಆದರೂ ಆರು ತಿಂಗಳಿಗೊಮ್ಮೆ ತೋರಿಸಲು ಹೋಗುತ್ತೇನೆ.

ಒಂದೇ ಒಂದು ಸಂಕಟ ಉಳಿದಿದೆ. ಸೇವಂತಿಗೆ, ಸೂರ್ಯಕಾಂತಿ ಈ ಕಸದ ಕುಟುಂಬದವೇ. ಕಸ ಆಗದವರಲ್ಲಿ ಕೆಲವರಿಗೆ ಅವೂ ಆಗುವುದಿಲ್ಲ. ಹೋದ ದಸರೆಯಲ್ಲಿ ಬನ್ನಿಯ ಜೊತೆ ಸೇವಂತಿಗೆ ತಂದು ದೇವರಿಗೆ ಏರಿಸಿದೆ, ಮರುದಿನ ಖಾತೆಯಲ್ಲಿ ಮೂರು. ನಮ್ಮ ಮನೆಯಲ್ಲಿ ದಸರೆಗೆ ಸೇವಂತಿಗೆಯಿಲ್ಲದೆ ಪೂಜೆ ಆದದ್ದಿಲ್ಲ. ಮನೆಯವರು ಏನೂ ಅನ್ನಲಿಲ್ಲ. ಮೂರು ದಿನದ ಮೇಲೆ ನೋಡಿದರೆ ಸೇವಂತಿಗೆಯ ಕುಂಡಗಳೆಲ್ಲ ಪಕ್ಕದ ಮನೆಯ ಮಾಳಿಗೆ ಸೇರಿದ್ದವು, ನಮ್ಮ ಅಂಗಳದಲ್ಲಿ ಎರಡು ದಾಸವಾಳದ ಕಡ್ಡಿ ಊರಿದ್ದವು. ಈ ವಾರ ಒಂದರಲ್ಲಿ ಮೊಗ್ಗು ಬಂದಿದೆ. ಮೊಮ್ಮಗಳು ಎಡಪುಟದಲ್ಲಿ ‘ದಾಸವಾಳ’ ಎಂದು ಬರೆದು, ಬಲಪುಟವನ್ನು ಖಾಲಿ ಬಿಟ್ಟು ಕಾಯುತ್ತಿದ್ದಾಳೆ.