ನಾಗರಭಾವಿಯ ವಿದ್ಯಾಸಂಸ್ಥೆಯೂ ರಾಷ್ಟ್ರಗಳ ಸಹಕಾರವೂ

ವಿಜಯನಗರದಿಂದ ನಾಗರಭಾವಿಯ ಮಾರ್ಗವಾಗಿ ಜ್ಞಾನಭಾರತಿಯ ಕಡೆಗೆ ಸಾಗುವ ನಾಗರಿಕರು, ಡಾಕ್ಟರ್ ವಿ. ಕೆ. ಆರ್. ವಿ. ರಾಯರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಆವರಣವನ್ನು ದಿನವೂ ಹಾದುಹೋಗುತ್ತಿರುವರು. ಬಳ್ಳಾರಿಯಿಂದ ಲೋಕಸಭೆಗೆ ಎರಡು ಬಾರಿ ಆರಿಸಿಬಂದು, 1969ರಿಂದ 1971ರವರೆಗೆ ಭಾರತದ ಶಿಕ್ಷಣಮಂತ್ರಿಗಳಾಗಿದ್ದ ಈ ಮಹನೀಯರು ಬಡ ರಾಷ್ಟ್ರಗಳ ಪರವಾಗಿ ಜಗತ್ತಿನ ಮುಂದಿಟ್ಟ ವಾದವೊಂದನ್ನು ನಮ್ಮ ವಾಚಕರು ಅವಶ್ಯವಾಗಿ ತಿಳಿದಿರತಕ್ಕದ್ದು.

1949ರಲ್ಲಿ ರಾಯರು ಸಂಯುಕ್ತ ರಾಷ್ಟ್ರಸಂಸ್ಥೆಯ ಆರ್ಥಿಕಾಭಿವೃದ್ಧಿ ಉಪಸಮಿತಿಯ ಅಧ್ಯಕ್ಷರಾಗಿದ್ದರು. ಬ್ಯಾಂಕಿನ ಕಟ್ಟುನಿಟ್ಟಾದ ವ್ಯಾಪಾರದೃಷ್ಟಿಗೆ ಒಗ್ಗದಿದ್ದರೂ ದೇಶದ ಏಳಿಗೆಗೆ ಬೇಕೇ ಬೇಕಾದ ಕಾರ್ಯಗಳು ಅನೇಕವಿರುವುವೆಂದೂ, ಅವಕ್ಕೆ ರಾಷ್ಟ್ರಸಂಸ್ಥೆಯೇ ದ್ರವ್ಯಸಹಾಯವನ್ನು ಒದಗಿಸಬೇಕೆಂದೂ ಅವರು ಸೂಚಿಸಿದರು. ಹಳ್ಳಿಯ ಶಾಲೆಯನ್ನೇ ನೋಡಿರಿ. ಇಂದು ಅಕ್ಷರ ಕಲಿತ ಹುಡುಗಿಯಿಂದ ದೇಶಕ್ಕಾಗುವ ಪ್ರಯೋಜನವು ಕಾಣಬೇಕಾದರೆ ಇಪ್ಪತ್ತು ವರ್ಷಗಳು ಕಳೆಯಬೇಕು. ಯಾವ ಸಾಹುಕಾರನು ಅಷ್ಟು ಕಾಲ ಬಡ್ಡಿಗೆ ಕಾದಾನು?

ಧನಿಕ ರಾಷ್ಟ್ರಗಳು ಈ ಸೂಚನೆಗೆ ಒಪ್ಪಲಿಲ್ಲ. ಹತ್ತು ವರ್ಷಗಳ ಚರ್ಚೆಯ ತರುವಾಯ, 1960ರಲ್ಲಿ, ಅತ್ಯಲ್ಪ ಬಡ್ಡಿಗೆ ಅಥವಾ ಬಡ್ಡಿಯಿಲ್ಲದೆಯೇ ದೀರ್ಘಾವಧಿಯ ಸಾಲ ಕೊಡುವ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘವು ಹುಟ್ಟಿತು. ಆದರೆ ರಾಷ್ಟ್ರಸಂಸ್ಥೆಯ ಮಹಾಸಭೆಯ ಕೈಕೆಳಗಲ್ಲ, ವಿಶ್ವಬ್ಯಾಂಕಿನ ಮನೆಯೊಳಗೆ. ಮಹಾಸಭೆಯಲ್ಲಿ ದೊಡ್ಡ ದೇಶಕ್ಕೂ ಸಣ್ಣ ದೇಶಕ್ಕೂ ಒಂದೊಂದೇ ಮತ; ಬ್ಯಾಂಕಿನಲ್ಲಿ ಹಣವಿದ್ದವನ ಮತಕ್ಕೆ ತೂಕ ಹೆಚ್ಚು. ಊಟವೇನೋ ಬಂದಿತು, ಸೌಟು ಮಾತ್ರ ಉಳ್ಳವರ ಕೈಯಲ್ಲಿಯೇ ಉಳಿಯಿತು. ಆ ಪಂಕ್ತಿಯಲ್ಲಿ ಕುಳಿತುದೇ ನಮಗೆ ಅಪಮಾನವೆನ್ನುವ ದೇಶಾಭಿಮಾನಿಗಳೂ ಉಂಟು. ಅವರ ಮಾತನ್ನು ನಾವು ಒಪ್ಪಲಾರೆವು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ಮಂಡ್ಯ, ಕೋಲಾರ, ರಾಯಚೂರು, ಬೆಳಗಾವಿ ಜಿಲ್ಲೆಗಳಲ್ಲಿ ಆರಂಭವಾದಾಗ ಅದಕ್ಕೆ ಒದಗಿದುದು ಇದೇ ಸಂಘದ ಸಾಲ. ಭಾರತವು 2014ರಲ್ಲಿ ಆ ಪಂಕ್ತಿಯಿಂದ ಮೇಲೆದ್ದಿತು.

ಹಣದಲ್ಲಿ ಮಾತ್ರವಲ್ಲದೆ ಆಲೋಚನೆಯಲ್ಲಿಯೂ ನಾವು ಹೊರಗಿನವರ ನೆರವನ್ನು ಪಡೆದಿರುವೆವು. 1964ರಿಂದ 1966ರವರೆಗೆ ಕುಳಿತ ಕೊಠಾರಿ ಆಯೋಗದಲ್ಲಿ ಇಂಗ್ಲೆಂಡು, ಫ್ರಾನ್ಸು, ಅಮೆರಿಕ, ರಷ್ಯ, ಜಪಾನುಗಳ ವಿದ್ವಾಂಸರೂ ಸದಸ್ಯರಾಗಿದ್ದರು. ಹಾಗಿದ್ದೂ, ಉನ್ನತ ವಿದ್ಯೆಯು ದೇಶಭಾಷೆಗಳಲ್ಲಿ ನಡೆಯಬೇಕೆಂಬ ನಿರ್ಣಯವನ್ನು ಆ ಆಯೋಗವು ಕೈಬಿಡಲಿಲ್ಲ. ರಾಷ್ಟ್ರೀಯ ವರಮಾನದಲ್ಲಿ ನೂರಕ್ಕೆ 6ರಷ್ಟನ್ನು ವಿದ್ಯೆಗೆ ವೆಚ್ಚಮಾಡಬೇಕೆಂದೂ ಅದು ಹೇಳಿತು. 1968ರ ರಾಷ್ಟ್ರೀಯ ನೀತಿಯು ಈ ಗುರಿಯನ್ನು ಅಂಗೀಕರಿಸಿತು. 2020ರ ನೀತಿಯು ಅದನ್ನೇ ಮತ್ತೆ ಬರೆಯಿತು. ಅರ್ಧ ಶತಮಾನಕ್ಕೂ ಮೀರಿ ಒಂದೇ ಅಂಕಿಯು ಕಾಗದದಿಂದ ಕಾಗದಕ್ಕೆ ಪ್ರಯಾಣಮಾಡುತ್ತಿರುವುದಕ್ಕೆ ಯಾವ ಪರದೇಶದವರನ್ನು ದೂರೋಣ? ಸೌಟು ನಮ್ಮ ಕೈಯಲ್ಲಿಯೇ ಇದ್ದ ಕಡೆಯ ಕಥೆಯಿದು.

ರಾಯರು ಮಂತ್ರಿಗಳಾಗಿದ್ದಾಗಲೇ, 1969ರ ಜುಲೈ 17ರಂದು, ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯು ಮೈಸೂರಿನಲ್ಲಿ ಸ್ಥಾಪಿತವಾಯಿತು. ನಮ್ಮ ಭಾಷೆಗಳ ಅಭಿವೃದ್ಧಿಗೆಂದೇ ಕೇಂದ್ರ ಸರಕಾರದವರು ಒಂದು ಸಂಸ್ಥೆಯನ್ನು ನಡೆಸುವರು. ಆದರೆ ರಾಯರೇ ಕಟ್ಟಿದ ನಾಗರಭಾವಿಯ ಸಂಸ್ಥೆಯಲ್ಲಿ ಕರ್ನಾಟಕದ ಬೇಸಾಯ, ಪಂಚಾಯತಿ, ಜನಸಂಖ್ಯೆಗಳನ್ನು ಕುರಿತು ವಿದ್ವಾಂಸರು ಸಿದ್ಧಪಡಿಸುವ ಗ್ರಂಥಗಳೂ ವರದಿಗಳೂ ಬಹುಪಾಲು ಇಂಗ್ಲಿಷಿನಲ್ಲಿಯೇ ಹೊರಬರುತ್ತಿರುವುವು. ದೂರದೇಶದ ಪಂಡಿತನು ನಮ್ಮ ಹಳ್ಳಿಯ ವಿಚಾರವನ್ನು ಓದಿಕೊಳ್ಳಬಲ್ಲನು. ಆ ಹಳ್ಳಿಯ ಪಂಚಾಯತಿ ಸದಸ್ಯನು ಓದಲಾರನು. ಇಂಗ್ಲಿಷನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಅನ್ಯ ರಾಷ್ಟ್ರಗಳೊಡನೆ ವಿಚಾರವಿನಿಮಯಕ್ಕೆ ಅದು ಬೇಕು. ಕೇಂದ್ರದ ಸಮಾಜವಿಜ್ಞಾನ ಸಂಶೋಧನ ಮಂಡಲಿಯೊಡನೆ ಕರ್ನಾಟಕ ಸರಕಾರವೂ ಈ ಸಂಸ್ಥೆಗೆ ಧನಸಹಾಯ ಮಾಡುತ್ತಿರುವುದರಿಂದ, ನಮ್ಮ ನಾಡನ್ನು ಕುರಿತ ಪ್ರತಿಯೊಂದು ವರದಿಯ ಜೊತೆಗೂ ಕನ್ನಡದ ಸಂಗ್ರಹವೊಂದು ಅಚ್ಚಾಗಬೇಕೆಂದು ಕೇಳುವ ಹಕ್ಕು ಸರಕಾರದವರಿಗೆ ಇದೆ. ಇಪ್ಪತ್ತು ಪುಟಗಳ ಪುಸ್ತಿಕೆ ಸಾಕು. ಅದು ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ತಲಪಲಿ. ಇದರ ವೆಚ್ಚವನ್ನು ಮುಂದಿನ ಆಯವ್ಯಯದಲ್ಲಿಯೇ ಸೇರಿಸುವಂತೆ ಶಿಕ್ಷಣ ಇಲಾಖೆಯ ಅಧಿಕಾರಿಗಳನ್ನು ನಾವು ಒತ್ತಾಯಪಡಿಸುತ್ತೇವೆ.